ಹೊಳೆ ಕೊಟ್ಟ ಮಣ್ಣು

ಮಳೆಗಾಲದಲ್ಲಿ ಗೋಕಾಕ ಜಲಪಾತ ನೋಡಲು ಬರುವ ಜನರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಸುಟ್ಟ ಗೊಂಜಾಳದ ತೆನೆ ಕಡಿಯುತ್ತ, ಕೆಂಪು ರಾಡಿ ನೀರಿಗೆ ಬೆನ್ನು ಕೊಟ್ಟು, ಹಲ್ಲು ಕಿರಿದು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳುತ್ತಾರೆ. ನಿಸರ್ಗ, ನಿಸರ್ಗ ಎಂದು ಬಡಬಡಿಸುತ್ತಾರೆ. ನೀರಿಗೆ ಆ ಬಣ್ಣ ಯಾರ ಹೊಲದಿಂದ ಬಂತು ಎಂದು ಒಬ್ಬರಾದರೂ ಕೇಳಿದ್ದನ್ನು ನಾನು ಕಂಡಿಲ್ಲ. ನನ್ನ ನೌಕರಿಯೆಲ್ಲ ಹುಕ್ಕೇರಿಯ ಒಂದು ಶಾಲೆಯಲ್ಲಿ ಭೂಗೋಳ ಕಲಿಸುವುದರಲ್ಲಿ ಕಳೆಯಿತು. ಹೊಳೆ ತಿರುಗುವ ಕಡೆ ಹೊರದಂಡೆ ಸವೆಯುತ್ತದೆ, ಒಳದಂಡೆಯ ಮೇಲೆ ಮಣ್ಣು ಕೂಡುತ್ತದೆ ಎಂದು ಹಲಗೆಯ ಮೇಲೆ ಸೊಟ್ಟ ಗೆರೆ ಎಳೆದು ಎಷ್ಟು ಸಲ ತೋರಿಸಿದೆನೋ ಲೆಕ್ಕವಿಲ್ಲ. ಸವಕಳಿ, ಸಂಚಯನ ಎಂದು ಮಕ್ಕಳು ಬಾಯಿಪಾಠ ಮಾಡುತ್ತಿದ್ದರು. ಆ ಗೆರೆಯನ್ನು ನಾನು ಎಳೆದ ಕೂಡಲೇ ಒರೆಸಿಬಿಡುತ್ತಿದ್ದೆ. ಹೊಳೆ ತಾನಾಗಿ ತಿರುಗುತ್ತದೆ ಎಂದು ಪುಸ್ತಕ ಹೇಳುತ್ತದೆ. ನಮ್ಮಪ್ಪ ಅದನ್ನು ಕೈಯಾರೆ ತಿರುಗಿಸಿದ್ದ, ಅದೂ ಒಡಹುಟ್ಟಿದವಳ ಹೊಲದ ಕಡೆಗೆ. ಕಲ್ಲು ಹೊತ್ತವರಲ್ಲಿ ನಾನೂ ಒಬ್ಬಳು.

ನಮ್ಮೂರು ಮೂಡಲಗಿ ಸೀಮೆಯಲ್ಲಿ ಘಟಪ್ರಭೆಯ ದಂಡೆಗೆ ಅಂಟಿಕೊಂಡಿದೆ. ಅರಿವೆ, ಕಬ್ಬಿಣದ ಸಾಮಾನು ಬೇಕಾದರೆ ಕಲ್ಲೋಳಿಗೆ ಹೋಗಬೇಕಿತ್ತು. ಮನೆಯೊಳಗೆ ಕಾಲಿಟ್ಟರೆ ಮೊದಲು ದನ ಕಟ್ಟುವ ಜಾಗ, ಅದರ ಮೇಲೆ ಎರಡು ಮೆಟ್ಟಿಲು ಏರಿದರೆ ಪಡಸಾಲೆ, ಆಚೆ ದೇವರ ಕೋಣೆ, ಅದಕ್ಕೆ ಒತ್ತಿ ಅಡುಗೆಮನೆ. ದನ, ದೇವರು, ಒಲೆ ಎಲ್ಲ ಒಂದೇ ಗಾಳಿ ಕುಡಿಯುತ್ತಿದ್ದೆವು. ಪಡಸಾಲೆಯ ಮೂಲೆಯಲ್ಲಿ ಕಲ್ಲು ಮುಚ್ಚಿದ ಹಗೇವು, ಅಂದರೆ ಜೋಳ ತುಂಬಿಡುವ ನೆಲದೊಳಗಿನ ಕಣಜ. ಆ ಕಲ್ಲಿನ ಮೇಲೆ ಅಪ್ಪನ ತಾಯಿ, ನಮ್ಮ ಆಯಿ, ಬೆಳಗಿನಿಂದ ಸಂಜೆಯವರೆಗೆ ಕೂತಿರುತ್ತಿದ್ದಳು. ಅಪ್ಪ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಸದೆ ಬಾಯಿಗೆ ನೀರು ಹಾಕಿದವನಲ್ಲ. ಯಾರಿಗೂ ಎದುರಾಡಿದವನೂ ಅಲ್ಲ. ಊರಿನಲ್ಲಿ ಅವನನ್ನು ದೊಡ್ಡ ಸಂಭಾವಿತ ಎನ್ನುತ್ತಿದ್ದರು. ಅವನ ತಂಗಿ ನೀಲವ್ವನನ್ನು ಹೊಳೆಯ ಆಚೆ ದಂಡೆಯ ಊರಿಗೆ ಕೊಟ್ಟಿದ್ದರು. ನಮ್ಮ ಹೊಲದ ದಂಡೆಯಲ್ಲಿ ನಿಂತರೆ ಎದುರಿಗೆ ಅವಳ ಹೊಲ. ಬೇಸಿಗೆಯಲ್ಲಿ ಮೊಣಕಾಲು ನೀರು ದಾಟಿ ಬರುತ್ತಿದ್ದಳು. ಮಳೆಗಾಲದಲ್ಲಿ ಗೋಕಾಕದ ಮೇಲಿಂದ ಎರಡು ಬಸ್ಸು ಬದಲಿಸಿ ಬರಬೇಕಿತ್ತು. ಅವಳ ಗಂಡ, ನಮ್ಮ ಮಾವ, ಮಾತು ಕಡಿಮೆಯ ಮನುಷ್ಯ. ಅವರಿಗಿದ್ದದ್ದು ಆ ಒಂದೇ ಹೊಲ. ನೀಲತ್ತೆ ಬಂದ ದಿನ ಅವ್ವ ಕೂಡ ನಗುತ್ತಿದ್ದಳು, ನಾನು ಅವಳ ಮಗ್ಗುಲು ಬಿಡುತ್ತಿರಲಿಲ್ಲ.

ಮೊದಮೊದಲು ಹೊಳೆ ತಿನ್ನುತ್ತಿದ್ದದ್ದು ನಮ್ಮ ದಂಡೆಯನ್ನೇ. ನೀರು ಮೇಲಿನಿಂದ ಮಣ್ಣು ಕಡಿಯುವುದಿಲ್ಲ. ಅದು ದಂಡೆಯ ಬುಡಕ್ಕೆ ಬಾಯಿ ಹಾಕುತ್ತದೆ. ಒಳಗೊಳಗೇ ಕೊರೆದು ಟೊಳ್ಳು ಮಾಡುತ್ತದೆ. ಮೇಲೆ ಬೆಳೆ ಹಸಿರಾಗಿ ನಿಂತಿರುತ್ತದೆ, ಒಂದು ದಿನ ಮಂಚದಷ್ಟು ಅಗಲದ ಮಣ್ಣು ಬೆಳೆ ಸಮೇತ ನೀರಿಗೆ ಕೂತುಬಿಡುತ್ತದೆ. ಹೀಗೆ ಎರಡು ಮಳೆಗಾಲದಲ್ಲಿ ನಮ್ಮ ಬದುವಿನ ಬೇವಿನ ಮರ ಹೋಯಿತು, ಬಾವಿಯ ಕಟ್ಟೆ ಹೋಯಿತು. ಆ ಬೇಸಿಗೆ ಪಡಸಾಲೆಯಲ್ಲಿ ಊಟಕ್ಕೆ ಕೂತಾಗ ನೀಲತ್ತೆಯೇ ಮಾತು ತೆಗೆದಳು.

"ಅಣ್ಣಾ, ಹೊಳಿಗೆ ಅಡ್ಡ ಒಂದ ಮುಳ್ಳಿನ ಒಡ್ಡ ಹಾಕು. ನಮ್ಮ ದಂಡಿಮ್ಯಾಗ ಜಾಲಿ ಗಿಡ ಬೇಕಾದಷ್ಟ ಅದಾವ. ಕಡಕೊಂಡ ಹೋಗು."

"ನಿಮ್ಮ ಯಜಮಾನ್ರು ಏನರ ಅಂದಾರು."

"ಅವ್ರೇನ್ ಅಂತಾರ. ತವರಮನಿ ಹೊಲ ಹೊಳಿಪಾಲ ಆಗೂದ ನೋಡ್ಕೋತ ಕುಂದ್ರಲೇನ?"

ಅವಳ ದಂಡೆಯ ಜಾಲಿ ಗಿಡಗಳನ್ನು ಬುಡಕ್ಕೆ ಕಡಿದು ತಂದೆವು. ಗೂಟ ಬಡಿದು, ನಡುವೆ ಮುಳ್ಳಿನ ಕಂಟಿ ತುರುಕಿ, ಮೇಲೆ ಊರಾಚೆಯ ಕಲ್ಲುನೆಲ ಮಡ್ಡಿಯಿಂದ ತಂದ ಕಲ್ಲು ಹೇರಿ, ನಮ್ಮ ದಂಡೆಯಿಂದ ಹೊಳೆಯೊಳಗೆ ಓರೆಯಾಗಿ ಚಾಚಿದ ಒಡ್ಡು ಕಟ್ಟಿದೆವು. ಒಡ್ಡಿಗೆ ಬಡಿದ ನೀರು ಆಚೆ ಹೊರಳುತ್ತದೆ, ಒಡ್ಡಿನ ಹಿಂದೆ ನೀರು ನಿಧಾನವಾಗಿ ತಾನು ಹೊತ್ತು ತಂದದ್ದನ್ನು ಇಳಿಸುತ್ತದೆ. ಇಷ್ಟು ಅಪ್ಪನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಆಚೆ ಹೊರಳಿದ ನೀರು ಎಲ್ಲಿಗೆ ಹೋಗಿ ಬಡಿಯುತ್ತದೆ ಎಂಬುದೂ ಅವನಿಗೆ ಗೊತ್ತಿತ್ತು ಎಂದು ಈಗ ನನಗೆ ಖಾತ್ರಿ. ನೀಲತ್ತೆಗೆ ಹೊಳೆಯ ಗುಣ ತಿಳಿದಿರಲಿಲ್ಲ ಅಂತಲ್ಲ. ತನ್ನ ದಂಡೆಯನ್ನು ಹಿಡಿದು ನಿಲ್ಲಿಸಿದ್ದು ಆ ಜಾಲಿಯ ಬೇರುಗಳು ಎಂಬುದನ್ನು ಅಣ್ಣನ ಮೇಲಿನ ಅಂತಃಕರಣದಲ್ಲಿ ಮರೆತಳು.

ಆ ಮಳೆಗಾಲ ನೀರು ಇಳಿದ ಮೇಲೆ ಒಡ್ಡಿನ ಹಿಂದೆ ಗೋಡು ಮಣ್ಣು ತುಂಬಿತ್ತು. ಕೆಳಗೆ ಉಸುಕು, ಮೇಲೆ ಬೆಣ್ಣೆಯ ಹಾಗೆ ನುಣ್ಣನೆಯ ಕರಿಮಣ್ಣು. ಕಾಲಿಟ್ಟರೆ ಪಿಚಕ್ ಎಂದು ಬೆರಳ ಸಂದಿಯಲ್ಲಿ ನುಗ್ಗುತ್ತಿತ್ತು, ಕೊಳೆತ ಮೀನಿನ ನಾತ. ಅಪ್ಪ ಅದರ ಒಂದು ಹೆಂಟೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ದೇವರ ಜಗಲಿಯ ಮೇಲಿಟ್ಟು ಕುಂಕುಮ ಏರಿಸಿದ. ಅವ್ವ ಹೋಳಿಗೆ ಮಾಡಿದ್ದಳು. ನಾವು ಕೈಮುಗಿದು ನಿಂತಾಗ ಆ ಹೆಂಟೆಯೊಳಗಿಂದ ಒಂದು ಎರೆಹುಳು ಹೊರಬಂದು ಕುಂಕುಮದಲ್ಲಿ ಒದ್ದಾಡತೊಡಗಿತು. ಅಪ್ಪ ಅದನ್ನು ಬೆರಳಿನಿಂದ ಮೆಲ್ಲಗೆ ಬದಿಗೆ ಸರಿಸಿ ಹೇಳಿದ:

"ಗಂಗವ್ವ ಕೊಟ್ಟದ್ದು. ಬ್ಯಾಡ ಅನಬಾರದು."

ಆಯಿ ಹಗೇವಿನ ಕಲ್ಲಿನ ಮೇಲೆ ಕೂತಲ್ಲಿಂದಲೇ ಕೇಳಿದಳು:

"ಗಂಗವ್ವ ಎಲ್ಲಿಂದ ತಂದಳೋ, ಬಸೂ? ಆಕೀ ಮನ್ಯಾಗ ಮಣ್ಣಿನ ಕಾರ್ಖಾನಿ ಐತೇನ?"

ಅಪ್ಪ ಹೋಳಿಗೆಗೆ ತುಪ್ಪ ಹಾಕಿಸಿಕೊಂಡ. ದೀಪಾವಳಿಗೆ ಬಂದ ನೀಲತ್ತೆಯ ಮುಖ ಸಣ್ಣದಾಗಿತ್ತು. ಆಚೆ ದಂಡೆಯಲ್ಲಿ ಅವಳ ಹೊಲದ ಒಂದು ಮೂಲೆ ಕುಸಿದಿತ್ತು. ಅಂಚಿನ ಪಟ್ಟಿಯಲ್ಲಿ ಇನ್ನು ಬಿತ್ತುವ ಧೈರ್ಯವಿಲ್ಲ, ಒಡ್ಡಿನ ತುದಿಯನ್ನಾದರೂ ಕಿತ್ತುಹಾಕು ಎಂದು ಅಣ್ಣನನ್ನು ಬೇಡಿಕೊಂಡಳು. ತನ್ನ ಮಾತಿಗೆ ತಾನೇ ನಾಚಿಕೊಂಡು, ತಲೆ ತಗ್ಗಿಸಿಕೊಂಡು ಕೇಳಿದಳು. ಅಪ್ಪ ಅವಳ ತಲೆಯ ಮೇಲೆ ಕೈಯಿಟ್ಟ.

"ಹುಚ್ಚಿ, ಇದಕ್ಯಾಕ ಇಷ್ಟ ಚಿಂತಿ? ಬ್ಯಾಸಗಿ ಬರ್ಲಿ, ನೀರ ಇಳೀಲಿ. ಬುಡಾಸಮೇತ ಕಿತ್ತ ಒಗೀತೇನಿ."

ನಾನು ಅದನ್ನು ನಂಬಿದೆ. ನೀಲತ್ತೆಯೂ ನಂಬಿದಳು. ಬೇಸಿಗೆ ಬಂದಾಗ ಅಪ್ಪ ಮಡ್ಡಿಯಿಂದ ಗಾಡಿ ಗಾಡಿ ಕಲ್ಲು ತಂದು ದಂಡೆಯ ಮೇಲೆ ಗುಡ್ಡೆ ಹಾಕಿದ. ಒಡ್ಡು ಕೀಳಲಿಲ್ಲ, ಇನ್ನೂ ಹತ್ತು ಮಾರು ಮುಂದಕ್ಕೆ ಒಯ್ದ. ಅವ್ವ ಒಂದು ಮಾತು ಕೇಳಿದಳು, ತಂಗಿಗೆ ಕೊಟ್ಟ ಮಾತು ಏನಾಯಿತು ಎಂದು. "ಹೊಸಾ ಮಣ್ಣ ಗಟ್ಟಿ ಆಗೂತನಾ ಇರ್ಲಿ, ಆಮ್ಯಾಲ ನೋಡೂಣು" ಎಂದ. ಅವ್ವ ಆ ಮಣ್ಣಿನಲ್ಲಿ ಬೆಳೆದ ಬದನೆಕಾಯಿಯ ಎಣ್ಣೆಗಾಯಿ ವಾರಕ್ಕೆ ಮೂರು ಸಲ ಮಾಡುತ್ತಿದ್ದಳು, ನಾವು ತಟ್ಟೆ ನೆಕ್ಕುತ್ತಿದ್ದೆವು. ಶಾಲೆ ಸೂಟಿ ಇದ್ದದ್ದರಿಂದ ನನ್ನ ಕೈಗೂ ಒಂದು ಬುಟ್ಟಿ ಬಂತು. ಗುಡ್ಡೆಯಿಂದ ಕಲ್ಲು ತುಂಬಿಕೊಂಡು ಒಡ್ಡಿನ ತುದಿಗೆ ಒಯ್ದು ಸುರಿಯಬೇಕು, ಖಾಲಿ ಬುಟ್ಟಿ ತರಬೇಕು.

ಒಂದು ಬೆಳಿಗ್ಗೆ ಅಪ್ಪ ಗಾಡಿ ಹೊಡೆದುಕೊಂಡು ಮಡ್ಡಿಗೆ ಹೋಗಿದ್ದ. ನಾನು ಆಗತಾನೆ ಕಲ್ಲು ಸುರಿದು, ಖಾಲಿ ಬುಟ್ಟಿ ಹಿಡಿದು, ಒಡ್ಡಿನ ಮೇಲೆ ಒಬ್ಬಳೇ ನಿಂತಿದ್ದೆ. ಆಚೆ ದಂಡೆಯಿಂದ ನೀಲತ್ತೆ ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು, ತಲೆಯ ಮೇಲೆ ಗಡಿಗೆ ಹೊತ್ತು ನೀರು ದಾಟಿ ಬಂದಳು. ಅವಳ ಮುಖದಲ್ಲಿ ನಗು ತುಂಬಿ ತುಳುಕುತ್ತಿತ್ತು. ನಾಲ್ಕು ದಿನದಿಂದ ಅವಳು ಆಚೆಯಿಂದ ನಮ್ಮನ್ನು ನೋಡುತ್ತಿದ್ದಳಂತೆ.

"ಶಾಂತವ್ವಾ, ಒಡ್ಡ ಕೀಳಾಕತ್ತೀರೇನ?"

ದಂಡೆಯ ಮೇಲಿದ್ದ ಗುಡ್ಡೆಯನ್ನು ನೋಡಿ ಅವಳೇ ಮುಂದುವರಿಸಿದಳು:

"ಅಬ್ಬಾ, ಎಷ್ಟ ಕಲ್ಲ ತಗದ ಹಾಕೀರಿ! ಖರೇನ ಕಿತ್ತಾನ ನಮ್ಮಣ್ಣ. ನಿಮಗಂತ ಅಂಬಲಿ ತಂದೇನಿ, ತಣ್ಣಗ ಐತಿ, ಕುಡಿ."

ಹೌದು ಎನ್ನು ಎಂದು ಅಪ್ಪ ನನಗೆ ಹೇಳಿಕೊಟ್ಟಿರಲಿಲ್ಲ. ಅಪ್ಪ ಅಲ್ಲಿ ಇರಲೂ ಇಲ್ಲ. ಕೀಳುತ್ತಿಲ್ಲ, ಕಟ್ಟುತ್ತಿದ್ದೇವೆ ಎಂದು ಎರಡು ಶಬ್ದ ಹೇಳಿದ್ದರೆ ಸಾಕಿತ್ತು. ಅಪ್ಪನ ಹೆದರಿಕೆ ಇತ್ತು, ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ, ಅವಳ ನಗು ಆರಿಸಲು ನನಗೆ ಮನಸ್ಸಾಗಲಿಲ್ಲ. ಒಳ್ಳೆಯವಳಾಗಿ ಉಳಿಯಬೇಕೆಂಬ ಆಸೆಯಲ್ಲಿ ನಾನು ಹೇಳಿದೆ:

"ಹೂಂ ಅತ್ತಿ. ಕೀಳಾಕತ್ತೇವಿ."

ಹೇಳಿ, ಗಡಿಗೆ ಎತ್ತಿ ಗಟಗಟ ಅಂಬಲಿ ಕುಡಿದೆ. ಅವಳು ನನ್ನ ಬೆನ್ನು ಸವರಿ, "ಅಂಚಿನ ಪಟ್ಟಿ ಸುಮ್ನ ಬಿದ್ದಿತ್ತು. ಈ ವರ್ಸ ದಂಡಿತನಾ ಅರಿಷಿಣ ಹಚ್ಚತೇನಿ" ಎಂದು ಹೇಳಿ, ಮನೆಯಲ್ಲಿ ಕೆಲಸವಿದೆ ಎಂದು ಬಂದ ದಾರಿಯಲ್ಲೇ ಹೋದಳು. ಅಪ್ಪ ಬಂದ ಮೇಲೆ ಉಳಿದ ಅಂಬಲಿಯನ್ನು ಅವನಿಗೆ ಕೊಟ್ಟೆ. ಯಾರು ತಂದರು ಎಂದ, ಹೇಳಿದೆ. ಏನು ಕೇಳಿದಳು ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಇಬ್ಬರೂ ಮತ್ತೆ ಕಲ್ಲು ಹೊರಲು ಎದ್ದೆವು.

ನೀಲತ್ತೆ ಗಂಡನ ಬಳಗದವರ ಮನೆಯಿಂದ ಬೀಜದ ಅರಿಶಿನವನ್ನು, ಮುರಿದರೆ ಒಳಗೆ ಕೆಂಪಗಿರುವ ಅವರ ಮನೆಯ ತಳಿಯನ್ನು, ತಲೆಯ ಮೇಲೆ ಹೊತ್ತು ತಂದು, ಹೊಲದ ತುಂಬ, ದಂಡೆಯ ಅಂಚಿನವರೆಗೆ ಹಚ್ಚಿದಳು. ಶ್ರಾವಣದಲ್ಲಿ ಮೇಲಿನ ಸೀಮೆಯಲ್ಲಿ ಮಳೆ ಹಿಡಿಯಿತು. ಒಂದು ಮಧ್ಯಾಹ್ನ ನೋಡನೋಡುತ್ತಲೇ ಹೊಳೆ ಉಬ್ಬಿ ನಮ್ಮ ಪಡಸಾಲೆಯ ಮೆಟ್ಟಿಲು ಏರಿತು. ದನಗಳನ್ನು ಬಿಚ್ಚಿಕೊಂಡು ಊರ ಎತ್ತರದ ಗುಡಿಯ ಕಟ್ಟೆಗೆ ಹೋದೆವು. ಅಲ್ಲಿಂದ ಆಚೆ ದಂಡೆ ಕಾಣುತ್ತಿತ್ತು. ಒಡ್ಡಿಗೆ ಅಪ್ಪಳಿಸಿದ ನೀರು ಸೊಂಟ ತಿರುವಿ ನೇರ ಅವಳ ಹೊಲಕ್ಕೆ ಹೋಗಿ ಬಡಿಯುತ್ತಿತ್ತು. ಹಸಿರು ಎಲೆಗಳು ಇದ್ದ ಹಾಗೆಯೇ ಮಡಿ ಮಡಿಯಾಗಿ ಮಣ್ಣು ಕಳಚಿ ಬೀಳುತ್ತಿತ್ತು. ಸದ್ದು ಒಂದು ಗಳಿಗೆ ತಡವಾಗಿ ನಮಗೆ ಮುಟ್ಟುತ್ತಿತ್ತು. ಆಯಿ ಬಾಯಿ ಬಡಿದುಕೊಂಡು ಅತ್ತಳು. ಅಪ್ಪ ಕಣ್ಣು ಮುಚ್ಚಿ ಕೈಮುಗಿದ. ಅವನು ಏನು ಬೇಡಿಕೊಂಡನೋ ನನಗೆ ಗೊತ್ತಿಲ್ಲ. ನಾನು ಎಲೆ ಎಣಿಸುವವಳ ಹಾಗೆ ಆ ಕಡೆಗೇ ನೋಡುತ್ತ, ನೀಲತ್ತೆಗೆ ಹೇಳಿದ ಮಾತನ್ನು ಒಳಗೊಳಗೇ ಹೇಳಿಕೊಳ್ಳುತ್ತ ಕೂತಿದ್ದೆ.

ನೀರು ಇಳಿದ ಮೇಲೆ ಮನೆಗೆ ಬಂದರೆ ಗೇಣುದ್ದ ರಾಡಿ. ದನದ ಗಂಜಲ, ಸಗಣಿ, ಸತ್ತ ಕೋಳಿ, ಯಾರದೋ ಮನೆಯ ಚಪ್ಪಲಿ ಎಲ್ಲ ಅದರಲ್ಲಿ ಕಲಸಿಹೋಗಿದ್ದವು. ದೇವರ ಜಗಲಿಯ ಮೇಲೆ ಕಪ್ಪೆ ಕೂತಿತ್ತು. ಹಗೇವಿನ ಕಲ್ಲು ಸರಿಸಿದಾಗ ಎದ್ದ ನಾತ ನನ್ನ ಮೂಗಿನಿಂದ ಇವತ್ತಿಗೂ ಹೋಗಿಲ್ಲ. ಜೋಳ ಉಬ್ಬಿ, ಹುಳಿತು, ಬಿಳಿ ಬುರುಗು ಕಟ್ಟಿತ್ತು. ಅವ್ವ ಅದನ್ನೇ ಬಳಿದು ತೆಗೆದು, ನಾಲ್ಕು ನೀರಿನಲ್ಲಿ ತೊಳೆದು, ಒಣಗಿಸಿ ಬೀಸಿ ರೊಟ್ಟಿ ಬಡಿದಳು. ಕಂದು ಬಣ್ಣದ ರೊಟ್ಟಿ, ಮುರಿದರೆ ಹೆಂಡದ ವಾಸನೆ. ನಾನು ಉಣ್ಣುವುದಿಲ್ಲ ಎಂದೆ. ಅಪ್ಪ ಜೀವಮಾನದಲ್ಲಿ ಮೊದಲ ಸಲ ನನ್ನ ಕೆನ್ನೆಗೆ ಹೊಡೆದ. ಅನ್ನಕ್ಕೆ ಹೆಸರಿಟ್ಟು ಹಳಿಯಬಾರದಂತೆ! ಹೊಡೆದ ಕೈಯಲ್ಲೇ ಸಂಜೆ ನನ್ನನ್ನು ಹಿಡಿದುಕೊಂಡು ಒಡ್ಡಿನ ಹಿಂದೆ ಬಿದ್ದ ಹೊಸ ಮಣ್ಣು ತೋರಿಸಲು ಕರೆದೊಯ್ದ. ಹಿಂದಿನ ವರ್ಷದ ಮೂರು ಪಟ್ಟು ಇತ್ತು. ಅವನ ಕಣ್ಣು ಹೊಳೆಯುತ್ತಿದ್ದವು, ಅದನ್ನು ನೋಡಿ ನನಗೆ ಆ ರೊಟ್ಟಿಗಿಂತ ಹೆಚ್ಚು ಹೇಸಿಕೆಯಾಯಿತು.

ಸ್ವಲ್ಪ ದಿನದಲ್ಲಿ ಆ ಮಣ್ಣಿನಲ್ಲಿ, ಒಡ್ಡಿನ ಕಂಟಿಗಳ ಬುಡದಲ್ಲಿ, ನಾವು ಹಚ್ಚದ ಅರಿಶಿನ ಅಲ್ಲಲ್ಲಿ ಚಿಗುರಿತು. ನಮ್ಮ ಹೊಲದಲ್ಲಿ ಎಂದೂ ಅರಿಶಿನ ಬೆಳೆದವರಲ್ಲ ನಾವು. ಎದುರು ದಂಡೆಯಿಂದ ಕಳಚಿದ ಗಡ್ಡೆಗಳು ಹೊಳೆಯ ಸುಳಿಯಲ್ಲಿ ತಿರುಗಿ ಬಂದು ಮುಳ್ಳಿಗೆ ಸಿಕ್ಕಿಕೊಂಡಿದ್ದವು. ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಹೆಸರೆತ್ತಲಿಲ್ಲ. ಆಯಿ ಮಾತ್ರ ಅಪ್ಪನ ಜತೆ ಮಾತು ಬಿಟ್ಟಳು. ನೀರು ಬೇಕಾದರೂ ನನ್ನ ಮೂಲಕ ಕೇಳುತ್ತಿದ್ದಳು. ಶಿವರಾತ್ರಿ ಕಳೆದ ಮೇಲೆ ಅಪ್ಪ ಗಡ್ಡೆ ಅಗೆದು ತಂದ. ಬಚ್ಚಲಿನ ಹಂಡೆಯಲ್ಲೇ ಕುದಿಸಿದರು. ಹಸಿ ಅರಿಶಿನ ಬೇಯುವ ಆ ಮಣ್ಣುವಾಸನೆ ಮನೆಯನ್ನೆಲ್ಲ ತುಂಬಿತು. ಎಂಟು ದಿನ ಸ್ನಾನದ ನೀರು ಹಳದಿ, ಟವೆಲ್ ಹಳದಿ, ಅಪ್ಪ ಪೂಜೆಗೆ ಕೂತಾಗ ಅಂಗೈಯೂ ಹಳದಿ. ಇವತ್ತಿಗೂ ನನ್ನ ಅಡುಗೆಮನೆಯಲ್ಲಿ ಅರಿಶಿನದ ಡಬ್ಬಿ ಇಲ್ಲ. ಬಂದವರು ಮೂಗು ಮುರಿಯುತ್ತಾರೆ, ಮುರಿಯಲಿ.

ನಮ್ಮ ಕಡೆ ನಾಗರ ಪಂಚಮಿಗೆ ತಂಗಿಯನ್ನು ಅಣ್ಣ ಹೋಗಿ ಕರೆತರಬೇಕು. ಅಪ್ಪ ಹೊಸ ಧೋತರ ಉಟ್ಟು, ಗೋಕಾಕದ ಮೇಲಿಂದ ಬಸ್ಸಿಗೆ ಹೋಗಿ ನೀಲತ್ತೆಯನ್ನು ಕರೆತಂದ. ಕರೆಯಲು ಅವನಿಗೆ ಮುಖ ಹೇಗೆ ಬಂತೋ. ಅವಳು ಬಂದದ್ದು ಯಾಕೋ ಎಂದು ನಾನು ಎಷ್ಟೋ ವರ್ಷ ಯೋಚಿಸಿದ್ದೇನೆ. ತಾಯಿಯ ಮುಖ ನೋಡಲು ಬಂದಿರಬೇಕು. ಅವಳ ಹೊಲದಲ್ಲಿ ಆ ಹೊತ್ತಿಗೆ ಮನೆಯ ಹಿತ್ತಲಿನಷ್ಟು ಉಳಿದಿತ್ತು. ಗಂಡ ಹೆಂಡತಿ ಹತ್ತರಗಿಯ ಕಡೆ ಹೆದ್ದಾರಿಯ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯುವ ಕೆಲಸಕ್ಕೆ ಹೋಗುವುದೆಂದು ನಿಶ್ಚಯವಾಗಿತ್ತು. ಎರಡು ದಿನ ಇದ್ದಳು. ನನ್ನ ತಲೆ ಬಾಚಿದಳು, ಆಯಿಗೆ ಎಣ್ಣೆ ತಿಕ್ಕಿದಳು. ಒಡ್ಡಿನ ಮಾತು ಅವಳೂ ಎತ್ತಲಿಲ್ಲ. ಅಪ್ಪನಿಗೆ ಅದರಿಂದ ನಿರಾಳವಾಗಿ, ಊಟಕ್ಕೆ ಕೂತಾಗ ನಗೆಚಾಟಿಕೆ ಕೂಡ ಮಾಡಿದ.

ಹೊರಡುವ ದಿನ ಪಡಸಾಲೆಯಲ್ಲಿ ಮಣೆ ಹಾಕಿ ಅವಳನ್ನು ಕೂರಿಸಿದರು. ಅವ್ವ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಕುಬಸದ ಖಣ, ಐದು ಅರಿಶಿನದ ಬೇರು. ನಾನು ಕಂಬಕ್ಕೆ ಒರಗಿ ಶೇಂಗಾ ಉಂಡಿ ತಿನ್ನುತ್ತಿದ್ದೆ. ನೀಲತ್ತೆ ಸೆರಗಿನಲ್ಲಿ ಬಿದ್ದ ಬೇರುಗಳಲ್ಲಿ ಒಂದನ್ನು ಎತ್ತಿಕೊಂಡು, ಲಟಕ್ಕನೆ ಮುರಿದು, ಒಳಗಿನ ಕೆಂಪು ಬಣ್ಣ ನೋಡಿದಳು.

"ವೈನಿ, ಇದು ಪ್ಯಾಟಿದ್ದೇನ್ರಿ?"

ಅವ್ವ ಅಪ್ಪನ ಮುಖ ನೋಡಿದಳು. ನೀಲತ್ತೆ ಅಣ್ಣನ ಕಡೆ ತಿರುಗಿದಳು.

"ಅಣ್ಣಾ, ಇದು ನಾ ಹಚ್ಚಿದ್ದು. ನನ್ನ ಬೆಳಿ ನನ್ನ ಉಡ್ಯಾಗ ಹಾಕಿ ಕಳಿಸ್ತೀಯೇನ?"

"ಹೊಳ್ಯಾಗ ಬಂದದ್ದವ್ವಾ. ಗಂಗವ್ವ ತಂದ ಹಾಕಿದ್ದಕ್ಕ ನಾ ಏನ್ ಮಾಡ್ಲಿ?"

ಅವಳು ಎದ್ದು ನಿಂತು, ಸೆರಗಿನಲ್ಲಿದ್ದದ್ದನ್ನೆಲ್ಲ ಮಣೆಯ ಮೇಲೆ ಸುರಿದಳು. ತುಂಬಿದ ಉಡಿಯನ್ನು ತವರಿನ ನೆಲದಲ್ಲಿ ಸುರಿದು ಹೋದ ಹೆಣ್ಣುಮಗಳನ್ನು ನಾನು ಅವಳಿಗಿಂತ ಮುಂಚೆಯೂ ಕಂಡಿಲ್ಲ, ಆಮೇಲೂ ಕಂಡಿಲ್ಲ. ಅಕ್ಕಿಕಾಳು ಹಗೇವಿನ ಕಲ್ಲಿನವರೆಗೆ ಸಿಡಿದವು. ಆಯಿ ಮುಖಕ್ಕೆ ಸೆರಗು ಮುಚ್ಚಿಕೊಂಡಳು. ಅಪ್ಪನ ಸಂಭಾವಿತತನ ಆಗ ಕಳಚಿಬಿತ್ತು. ಅವನು ಕೂಗಿದ:

"ತಪ್ಪೆಲ್ಲಾ ನನ್ನ ತಲಿಗೆ ಕಟ್ಟಬ್ಯಾಡ! ಮೊದಲ ಒಮ್ಮಿ ದಂಡಿ ಕುಸದಿದ್ದ ಕಂಡಿದ್ದಿ ಇಲ್ಲೊ? ಮತ್ತ ಅಂಚಿನತನಾ ಅರಿಷಿಣ ಹಚ್ಚು ಅಂತ ನಿನಗ ಯಾರ್ ಹೇಳಿದ್ರು? ಹೇಳು, ಯಾರ್ ಹೇಳಿದ್ರು?"

ನೀಲತ್ತೆ ಅವನನ್ನು ನೋಡಲಿಲ್ಲ. ಕಂಬದ ಹತ್ತಿರ ನಿಂತ ನನ್ನನ್ನು ನೋಡಿದಳು. ಈಗ ಹೇಳುತ್ತಾಳೆ, ಹೇಳಿಬಿಡಲಿ ಎಂದೂ ಅನ್ನಿಸಿತು, ಹೇಳಬಾರದು ಎಂದೂ ಅನ್ನಿಸಿತು. ಅವಳು ನನ್ನ ಮೇಲಿನ ಕಣ್ಣು ತೆಗೆಯದೆಯೇ ಅಣ್ಣನಿಗೆ ಉತ್ತರ ಕೊಟ್ಟಳು:

"ಯಾರೂ ಹೇಳಿಲ್ಲ. ನನಗ ತಿಳೀತು, ಹಚ್ಚಿದೆ."

ನಾನು, ನಾನೇ ಹೇಳಿದ್ದು ಅನ್ನಲಿಲ್ಲ. ಬಾಯಿ ತುಂಬ ಉಂಡಿ ಇತ್ತು, ಅಗಿಯುತ್ತಲೇ ಇದ್ದೆ. ನೀಲತ್ತೆ ಕೈಚೀಲ ತೆಗೆದುಕೊಂಡು ಬಾಗಿಲ ಕಡೆ ನಡೆದಳು. ನನ್ನ ಮುಂದೆ ಬಂದಾಗ ಒಂದು ಕ್ಷಣ ನಿಂತು, ನನ್ನ ತುಟಿಗೆ ಹತ್ತಿದ್ದ ಉಂಡಿಯ ಪುಡಿಯನ್ನು ತನ್ನ ಖಾಲಿ ಸೆರಗಿನಿಂದ ಒರೆಸಿ, ಮೆಟ್ಟಿಲು ಇಳಿದು ಹೋದಳು.